ಪ್ರತಿಭೆಗೆ ನೀರೆರೆದವರು: ಮಠಾಧಿಪತಿ ಗ್ರೆಗೊರ್ ಮೆಂಡೆಲರ ಜೀವನ ಕಥೆ

ನಮ್ಮ ಮಕ್ಕಳ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆಯ ಪಾಠವನ್ನು ತೆರೆದರೆ ಬಟಾಣಿ ಗಿಡದ ಚಿತ್ರದೊಂದಿಗೆ ಗ್ರೆಗೊರ್ ಮೆಂಡೆಲ್ ಎಂಬ ಹೆಸರು ಕಾಣಸಿಗುತ್ತದೆ. ತಂದೆತಾಯಿಗಳ ಲಕ್ಷಣಗಳು ಮಕ್ಕಳಿಗೆ ಯಾವ ನಿಯಮವನ್ನು ಅನುಸರಿಸಿ ಇಳಿದುಬರುತ್ತವೆ ಎಂಬುದನ್ನು ಮೊಟ್ಟಮೊದಲು ಲೆಕ್ಕ ಹಾಕಿ ತೋರಿಸಿದ ಮಹನೀಯರು ಅವರು. ಅವರು ಕಥೋಲಿಕ ಯಾಜಕರಾಗಿದ್ದರು, ಸಂತ ಅಗಸ್ತೀನರ ಸಭೆಯ ಮಠಾಧಿಪತಿಯಾಗಿದ್ದರು ಎಂಬುದನ್ನು ನಮ್ಮಲ್ಲಿ ಹಲವರು ಬಲ್ಲರು. ಆದರೆ ಅವರು ಕಡುಬಡವ ರೈತನ ಮಗನಾಗಿದ್ದರು, ವಿದ್ಯಾರ್ಥಿಯಾಗಿ ಹಸಿವೆಯಿಂದ ಬಳಲಿದರು, ಉಪಾಧ್ಯಾಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು ಎಂಬುದನ್ನು ಬಲ್ಲವರು ವಿರಳ. ಅವರ ಸಂಶೋಧನೆಯ ವಿಷಯವನ್ನು ಶಾಲೆಯ ಗುರುಗಳು ನಮಗಿಂತ ಚೆನ್ನಾಗಿ ಹೇಳಬಲ್ಲರು. ಬುದ್ಧಿವಂತನಾದ ಬಡ ಹುಡುಗನೊಬ್ಬನನ್ನು ಮನೆ, ಶಾಲೆ, ದೇವಾಲಯ ಮತ್ತು ಮಠಗಳು ಹೇಗೆ ಕೈಹಿಡಿದು ನಡೆಸಿದವು, ಎಲ್ಲೆಲ್ಲಿ ಕೈ ಜಾರಿತು ಎಂಬುದನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದೆ ಇಡಲು ನಾವು ಬಯಸುತ್ತೇವೆ. ಏಕೆಂದರೆ ಇದು ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಮನೆಗೂ ಸಂಬಂಧಿಸಿದ ವಿಷಯ.

ಮನೆ ಮತ್ತು ಊರು

ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಚೆಕ್ ಗಣರಾಜ್ಯದಲ್ಲಿರುವ ಹೈನ್ಸೆನ್‌ಡಾರ್ಫ್ ಎಂಬ ಚಿಕ್ಕ ಹಳ್ಳಿಯಲ್ಲಿ 1822ರ ಜುಲೈ ತಿಂಗಳಲ್ಲಿ ಮಗು ಜನಿಸಿತು. ಜ್ಞಾನಸ್ನಾನದಲ್ಲಿ ಇಟ್ಟ ಹೆಸರು ಯೊಹಾನ್. ತಂದೆ ಆಂಟನ್ ಮೆಂಡೆಲ್ ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೈನಿಕನಾಗಿದ್ದು, ಊರಿಗೆ ಮರಳಿ ಬೇಸಾಯಕ್ಕೆ ನಿಂತವನು. ತಾಯಿ ರೋಸಿನಾ ತೋಟಗಾರನ ಮಗಳು. ವೆರೋನಿಕಾ ಎಂಬ ಅಕ್ಕ, ತೆರೇಸಿಯಾ ಎಂಬ ತಂಗಿ. ಗಂಡು ಸಂತಾನವೆಂದರೆ ಯೊಹಾನ್ ಒಬ್ಬನೇ.

ಆಂಟನ್ ತನ್ನ ಹೊಲದಲ್ಲಿ ಬೆವರು ಸುರಿಸುವುದಲ್ಲದೆ ವಾರದಲ್ಲಿ ಮೂರು ದಿನ ಜಮೀನ್ದಾರರಿಗಾಗಿ ಬಿಟ್ಟಿ ದುಡಿಯಬೇಕಾಗಿತ್ತು. ಆ ಸಾಮ್ರಾಜ್ಯದಲ್ಲಿ ಈ ಬಿಟ್ಟಿಚಾಕರಿ 1848ರವರೆಗೂ ರದ್ದಾಗಲಿಲ್ಲ. ಅಂಥ ಮನೆಯಲ್ಲಿ ಒಬ್ಬನೇ ಮಗ ಹುಟ್ಟಿದರೆ ಅವನ ಭವಿಷ್ಯವು ತೊಟ್ಟಿಲಲ್ಲೇ ನಿಶ್ಚಯವಾದಂತೆ. ನೇಗಿಲು ಹಿಡಿಯುವುದು, ತಂದೆಯ ಹೊಲ ಉಳುವುದು, ತಂದೆಯ ಬಿಟ್ಟಿಯನ್ನೂ ಹೊರುವುದು. ಆದರೂ ಆ ತಂದೆಗೆ ಒಂದು ಪ್ರೀತಿಯ ಹವ್ಯಾಸವಿತ್ತು. ಮನೆಯ ಹಿತ್ತಲಿನಲ್ಲಿ ಹಣ್ಣಿನ ಗಿಡಗಳನ್ನು ಬೆಳೆಸಿ, ಕಸಿ ಕಟ್ಟಿ ತಳಿಯನ್ನು ಸುಧಾರಿಸುತ್ತಿದ್ದ. ಬಾಲಕನು ತಂದೆಯ ಪಕ್ಕದಲ್ಲಿ ಕುಳಿತು ಕಸಿ ಕಟ್ಟುವುದನ್ನು ಕಲಿತ. ಜಗತ್ತಿನ ಸಸ್ಯಶಾಸ್ತ್ರಜ್ಞರಿಗೆ ಗುರುವಾಗಲಿದ್ದವನ ಪ್ರಥಮ ಗುರು ಅಕ್ಷರ ಕಲಿಸುವ ಉಪಾಧ್ಯಾಯನಲ್ಲ, ಮಣ್ಣು ಮೆತ್ತಿದ ಕೈಯ ತಂದೆ. ತಾವು ಓದಿದವರಲ್ಲವೆಂದು ಹಿಂಜರಿಯುವ ತಾಯ್ತಂದೆಗಳು ಈ ಸಂಗತಿಯನ್ನು ಗಮನಿಸಬೇಕೆಂದು ನಾವು ಬೇಡುತ್ತೇವೆ. ತಮಗೆ ತಿಳಿದ ಒಂದು ಕಸುಬನ್ನು ಅಕ್ಕರೆಯಿಂದ ಮಗುವಿಗೆ ತೋರಿಸಿಕೊಟ್ಟರೆ ಅದೂ ವಿದ್ಯಾದಾನವೇ.

ವಿಚಾರಣೆಯ ಗುರುಗಳು ಮತ್ತು ಶಾಲೆಯ ಮೇಷ್ಟರು

ಆ ಊರು ನೆರೆಯ ಗ್ರಾಮದ ಧರ್ಮಕೇಂದ್ರಕ್ಕೆ ಸೇರಿತ್ತು. ಅಲ್ಲಿಯ ವಿಚಾರಣಾ ಗುರು ಸ್ವಾಮಿ ಯೊಹಾನ್ ಶ್ರೈಬರ್ ಎಂಬವರು. ಅವರು ಪೂಜೆ, ಪ್ರಸಂಗಗಳಲ್ಲಿ ಮಾತ್ರ ತೃಪ್ತರಾದವರಲ್ಲ. ಹಣ್ಣಿನ ಬೇಸಾಯದಲ್ಲಿ ಪರಿಣತರಾಗಿದ್ದು, ಉತ್ತಮ ತಳಿಯ ಕಸಿಕಡ್ಡಿಗಳನ್ನು ತಮ್ಮ ಸಭಿಕರಿಗೆ ಹಂಚುತ್ತಿದ್ದರು. ಆ ಪ್ರಾಂತದ ಜಮೀನ್ದಾರಿಣಿಯೂ ಉದಾರ ಮನಸ್ಸಿನವಳಾಗಿದ್ದುದರಿಂದ ಹಳ್ಳಿಯ ಶಾಲೆಯಲ್ಲಿ ಓದು, ಬರಹ, ಲೆಕ್ಕಗಳಲ್ಲದೆ ಪ್ರಕೃತಿ ವಿಜ್ಞಾನವನ್ನೂ ಹಣ್ಣಿನ ಬೇಸಾಯವನ್ನೂ ಕಲಿಸಲಾಗುತ್ತಿತ್ತು. ರೈತನ ಮಕ್ಕಳಿಗೆ ಇಷ್ಟೆಲ್ಲಾ ಏಕೆಂದು ಕೇಳುವವರು ಆ ಕಾಲದಲ್ಲಿಯೂ ಇದ್ದಿರಬೇಕು, ಈ ಕಾಲದಲ್ಲಿಯೂ ಇದ್ದಾರೆ. ಅಂದು ಹಾಗೆ ಕೇಳಿದವರ ಮಾತು ನಡೆದಿದ್ದರೆ ಮೆಂಡೆಲ್ ಎಂಬ ಹೆಸರನ್ನು ಲೋಕವು ಕೇಳುತ್ತಿರಲಿಲ್ಲ.

ಶಾಲೆಯ ಉಪಾಧ್ಯಾಯ ಥಾಮಸ್ ಮಕಿಟ್ಟ ಎಂಬವರು. ಈ ಹುಡುಗನು ಇತರರಿಗಿಂತ ಬೇಗನೆ ಗ್ರಹಿಸುವುದನ್ನು ಅವರು ಕಂಡರು. ಕಂಡು ಸುಮ್ಮನಿರಲಿಲ್ಲ. ಹುಡುಗನನ್ನು ಮುಂದಿನ ಓದಿಗೆ ಕಳುಹಿಸಬೇಕೆಂದು ತಾಯ್ತಂದೆಗಳಿಗೆ ಒತ್ತಾಯಿಸಿ ಹೇಳಿದರು. ಸ್ವಾಮಿ ಶ್ರೈಬರರ ಬೆಂಬಲವೂ ಅದಕ್ಕೆ ಸೇರಿತು. ಅದೇ ಊರಿನಿಂದ ದೂರದ ಪಟ್ಟಣಕ್ಕೆ ಓದಲು ಹೋಗಿದ್ದ ಹುಡುಗರು ರಜೆಗೆ ಬಂದು ಹೇಳುತ್ತಿದ್ದ ಕಥೆಗಳು ಬಾಲಕನ ಆಸೆಗೆ ಗಾಳಿ ಹಾಕಿದವು.

ತಂದೆಗೆ ಇದು ಸುಲಭದ ತೀರ್ಮಾನವಾಗಿರಲಿಲ್ಲ. ಒಬ್ಬನೇ ಮಗನನ್ನು ಓದಲು ಕಳುಹಿಸುವುದೆಂದರೆ ಹೊಲಕ್ಕೆ ವಾರಸುದಾರನಿಲ್ಲದಂತೆ. ಕೈಯಲ್ಲಿ ಹಣವೂ ಇಲ್ಲ. ತಾಯಿ ರೋಸಿನಾ ಮಗನ ಪಕ್ಷ ವಹಿಸಿದಳು. ಕೊನೆಗೆ ತಂದೆಯೂ ಒಪ್ಪಿದ. 1833ರಲ್ಲಿ ಹನ್ನೊಂದು ವರ್ಷದ ಯೊಹಾನ್ ಲೈಪ್ನಿಕ್ ಪಟ್ಟಣದ ಪಿಯಾರಿಸ್ಟ್ ಗುರುಗಳ ಶಾಲೆ ಸೇರಿದ. ಅಲ್ಲಿ ಶ್ರೇಷ್ಠ ದರ್ಜೆ ಗಳಿಸಿ, ಮರುವರ್ಷ ಟ್ರೊಪ್ಪಾವ್ ಪಟ್ಟಣದ ಪ್ರೌಢಶಾಲೆಗೆ ಹೋದ. ಆರು ವರ್ಷ ಅಲ್ಲಿ ವ್ಯಾಸಂಗ.

ಅರೆಹೊಟ್ಟೆಯ ವಿದ್ಯಾಭ್ಯಾಸ

ಟ್ರೊಪ್ಪಾವಿನಲ್ಲಿ ಪೂರ್ಣ ಊಟದ ಖರ್ಚನ್ನು ಭರಿಸಲು ತಾಯ್ತಂದೆಗಳಿಗೆ ಸಾಧ್ಯವಾಗಲಿಲ್ಲ. ಹುಡುಗನ ಹೆಸರು ಅರ್ಧ ಊಟದವರ ಪಟ್ಟಿಯಲ್ಲಿತ್ತು. ಊರಿನ ಕಡೆಯಿಂದ ಗಾಡಿ ಬಂದಾಗ ತಾಯಿ ರೊಟ್ಟಿ, ಬೆಣ್ಣೆಗಳನ್ನು ಕಳುಹಿಸುತ್ತಿದ್ದಳು. ಗಾಡಿ ಬಾರದ ದಿನಗಳಲ್ಲಿ ಅವನು ಹೇಗೆ ಕಳೆದನೋ ದೇವರೇ ಬಲ್ಲ. ಆದರೂ ತರಗತಿಯಲ್ಲಿ ಮೇಲಿನ ಸ್ಥಾನವನ್ನು ಬಿಟ್ಟುಕೊಡಲಿಲ್ಲ.

1838ರಲ್ಲಿ ಆ ಕುಟುಂಬಕ್ಕೆ ಸಿಡಿಲಿನಂಥ ಆಘಾತ ಬಡಿಯಿತು. ಜಮೀನ್ದಾರರ ಕಾಡಿನಲ್ಲಿ ಬಿಟ್ಟಿ ಕೆಲಸ ಮಾಡುತ್ತಿದ್ದ ಆಂಟನ್ ಮೇಲೆ ಮರದ ದಿಮ್ಮಿ ಉರುಳಿ ಎದೆ ಜಜ್ಜಿಹೋಯಿತು. ಜೀವ ಉಳಿಯಿತು, ದುಡಿಯುವ ಶಕ್ತಿ ಮಾತ್ರ ಹಿಂದಿನಂತೆ ಮರಳಲಿಲ್ಲ. ಮನೆಯಿಂದ ಬರುತ್ತಿದ್ದ ಅಲ್ಪ ಸಹಾಯವೂ ನಿಂತಿತು. ಹದಿನಾರು ವರ್ಷದ ಹುಡುಗನು ಖಾಸಗಿ ಉಪಾಧ್ಯಾಯರ ತರಬೇತಿ ಪಡೆದು, ಇತರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಅನ್ನವನ್ನು ತಾನೇ ಸಂಪಾದಿಸತೊಡಗಿದ. ಹಗಲು ತನ್ನ ಪಾಠ, ಸಂಜೆ ಪರರ ಮಕ್ಕಳ ಪಾಠ, ನಡುವೆ ಅರೆಹೊಟ್ಟೆ. 1839ರಲ್ಲಿ ದೇಹವು ಸೋತಿತು. ಕಾಯಿಲೆಯಿಂದ ಹಲವು ತಿಂಗಳು ಮನೆಯಲ್ಲೇ ಇರಬೇಕಾಯಿತು. ಆದರೂ 1840ರಲ್ಲಿ ಪ್ರೌಢಶಾಲೆಯ ವ್ಯಾಸಂಗವನ್ನು ಪ್ರಶಂಸಾರ್ಹವಾಗಿ ಮುಗಿಸಿದ.

ಮುಂದಿನ ಹಂತ ಓಲ್ಮ್ಯುಟ್ಸ್ ನಗರದ ತತ್ತ್ವಶಾಸ್ತ್ರ ವಿದ್ಯಾಲಯ. ಅಲ್ಲಿ ಪರಿಚಿತರಿಲ್ಲ, ಶಿಫಾರಸು ಮಾಡುವವರಿಲ್ಲ, ಆದುದರಿಂದ ಮನೆಪಾಠದ ವಿದ್ಯಾರ್ಥಿಗಳೂ ಸಿಗಲಿಲ್ಲ. ನಾಳೆ ಹೇಗೆಂಬ ಚಿಂತೆಯೇ ಅವನನ್ನು ಹಾಸಿಗೆ ಹಿಡಿಸಿತು. ಸುಮಾರು ಒಂದು ವರ್ಷ ತಾಯ್ತಂದೆಗಳ ಬಳಿ ಕಳೆದ. ಒಂದು ಬಗೆಯ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ನಿಜವಾದ ಪ್ರತಿಭೆ ಇದ್ದರೆ ಅದು ಎಂಥ ಕಷ್ಟವನ್ನೂ ಮೆಟ್ಟಿ ತಾನಾಗಿಯೇ ಮೇಲೆ ಬರುತ್ತದೆ, ನಾವು ಚಿಂತಿಸಬೇಕಾಗಿಲ್ಲ ಎಂಬುದು ಆ ಮಾತು. ನಾವಂತೂ ಅದನ್ನು ನಂಬುವುದಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೆಂಡೆಲನ ಪ್ರತಿಭೆ ಹಾಸಿಗೆ ಹಿಡಿದು ಮಲಗಿತ್ತು. ಅದನ್ನು ಎಬ್ಬಿಸಿದ್ದು ಬೇರೊಬ್ಬರ ತ್ಯಾಗ.

ತಂಗಿಯ ಪಾಲು

1841ರಲ್ಲಿ ಆಂಟನ್ ತನ್ನ ಹೊಲಮನೆಗಳನ್ನು ಹಿರಿಯ ಮಗಳು ವೆರೋನಿಕಾಳ ಗಂಡನಿಗೆ ವಹಿಸಿಕೊಟ್ಟ. ಆ ಕರಾರಿನಲ್ಲಿ ಮಗನ ಓದಿಗೆಂದು ಒಂದಿಷ್ಟು ಸಹಾಯಕ್ಕೆ ಏರ್ಪಾಡಾಗಿತ್ತು. ಆದರೆ ಅದು ಸಾಕಾಗುವಂತಿರಲಿಲ್ಲ. ಆಗ ತಂಗಿ ತೆರೇಸಿಯಾ ತನ್ನ ಮದುವೆಗಾಗಿ ಮೀಸಲಿದ್ದ ಬಳುವಳಿಯ ಒಂದು ಭಾಗವನ್ನು ಅಣ್ಣನ ವಿದ್ಯಾಭ್ಯಾಸಕ್ಕೆ ಬಿಟ್ಟುಕೊಟ್ಟಳು. ಆಕೆ ಆಗಿನ್ನೂ ಚಿಕ್ಕ ಬಾಲಕಿ. ಹಣದ ಮೊತ್ತ ದೊಡ್ಡದಲ್ಲದಿರಬಹುದು. ಆದರೆ ವರದಕ್ಷಿಣೆಯ ಕಾಟವನ್ನು ಬಲ್ಲ ನಮ್ಮ ನಾಡಿನ ತಾಯಂದಿರಿಗೆ ಆ ತ್ಯಾಗದ ತೂಕವನ್ನು ನಾವು ವಿವರಿಸಬೇಕಾಗಿಲ್ಲ. ಬಡ ರೈತನ ಮಗಳಿಗೆ ಬಳುವಳಿ ಇಲ್ಲವೆಂದರೆ ಮದುವೆಯೇ ಅನುಮಾನ.

ಆ ಹಣದಿಂದ ಯೊಹಾನ್ ಓಲ್ಮ್ಯುಟ್ಸಿಗೆ ಮರಳಿ, 1843ರಲ್ಲಿ ವ್ಯಾಸಂಗವನ್ನು ಪೂರೈಸಿದ. ಈ ಋಣವನ್ನು ಅವರು ಮರೆಯಲಿಲ್ಲ. ಎಷ್ಟೋ ವರ್ಷಗಳ ತರುವಾಯ ತೆರೇಸಿಯಾಳ ಮೂವರು ಪುತ್ರರನ್ನು ತಾವಿದ್ದ ನಗರಕ್ಕೆ ಕರೆಸಿಕೊಂಡು, ಅವರ ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿದರು. ಅವರಲ್ಲಿ ಇಬ್ಬರು ವೈದ್ಯರಾದರು. ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ಬಿಟ್ಟುಕೊಟ್ಟದ್ದು ನಷ್ಟವಾಗುವುದಿಲ್ಲ, ಮುಂದಿನ ಪೀಳಿಗೆಯಲ್ಲಿ ಬೆಳೆಯಾಗಿ ಮರಳುತ್ತದೆ.

ಆದರೆ ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ನಮ್ಮ ಮನಸ್ಸು ಒಪ್ಪದು. ಅಣ್ಣನ ಬುದ್ಧಿಯನ್ನು ಉಪಾಧ್ಯಾಯರು ಕಂಡರು, ಗುರುಗಳು ಕಂಡರು, ತಾಯಿ ಕಂಡಳು. ಅದೇ ತಾಯ್ತಂದೆಗಳಿಗೆ ಹುಟ್ಟಿದ ವೆರೋನಿಕಾ, ತೆರೇಸಿಯಾರ ಬುದ್ಧಿ ಹೇಗಿತ್ತು? ಪಟ್ಟಣದ ಶಾಲೆಗೆ ಅವರನ್ನು ಕಳುಹಿಸುವ ಪ್ರಶ್ನೆ ಆ ಕಾಲದಲ್ಲಿ ಏಳಲಿಲ್ಲ. ತಂದೆಯ ಗುಣವೂ ತಾಯಿಯ ಗುಣವೂ ಮಕ್ಕಳಿಗೆ ಸಮನಾಗಿ ಇಳಿದುಬರುತ್ತವೆಂದು ಲೋಕಕ್ಕೆ ತೋರಿಸಿಕೊಟ್ಟವರ ಮನೆಯಲ್ಲೇ ಹೀಗಾಯಿತು. ಇಂದು ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಮೊದಲು ಕೈ ಎತ್ತುವವರು ಹೆಚ್ಚಾಗಿ ಹೆಣ್ಣು ಮಕ್ಕಳೇ. ಅವರ ಪಾಲನ್ನು ಅಣ್ಣತಮ್ಮಂದಿರಿಗಾಗಿ ಕೇಳುವ ಮುನ್ನ ತಾಯ್ತಂದೆಗಳು ಒಮ್ಮೆ ಯೋಚಿಸಲಿ.

ಮಠದ ಬಾಗಿಲು

ಓಲ್ಮ್ಯುಟ್ಸಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಫ್ರೀಡ್ರಿಕ್ ಫ್ರಾಂಟ್ಸ್ ಎಂಬ ಗುರುಗಳು ತಮ್ಮ ಶಿಷ್ಯನ ಯೋಗ್ಯತೆಯನ್ನೂ ಬಡತನವನ್ನೂ ಏಕಕಾಲದಲ್ಲಿ ಅರಿತರು. ಬ್ರುನ್ ನಗರದಲ್ಲಿದ್ದ ಸಂತ ತೋಮಾಸರ ಮಠಕ್ಕೆ ಯೋಗ್ಯ ಯುವಕರು ಬೇಕಾಗಿದ್ದಾರೆಂದು ತಿಳಿದಾಗ ಅವರು ಮೆಂಡೆಲನ ಹೆಸರನ್ನು ಸೂಚಿಸಿ ಬರೆದರು. 1843ರ ಅಕ್ಟೋಬರ್ ತಿಂಗಳಲ್ಲಿ ಯೊಹಾನ್ ಮಠವನ್ನು ಪ್ರವೇಶಿಸಿ ಗ್ರೆಗೊರ್ ಎಂಬ ಹೆಸರನ್ನು ಪಡೆದರು. 1847ರ ಆಗಸ್ಟ್ 6ರಂದು ಅವರಿಗೆ ಗುರುಪಟ್ಟವಾಯಿತು.

ಹೊಟ್ಟೆಪಾಡಿನ ಕಹಿ ಹೋರಾಟದಿಂದ ಬಿಡುಗಡೆ ಹೊಂದುವ ಅಗತ್ಯವೂ ತಮ್ಮ ಆಯ್ಕೆಗೆ ಕಾರಣವಾಯಿತೆಂದು ಮೆಂಡೆಲರು ಮುಂದೆ ತಮ್ಮ ಸಂಕ್ಷಿಪ್ತ ಆತ್ಮವೃತ್ತಾಂತದಲ್ಲಿ ಮರೆಮಾಚದೆ ಬರೆದಿದ್ದಾರೆ. ಇದನ್ನು ಓದಿ ಕೆಲವರು ಹುಬ್ಬೇರಿಸಬಹುದು. ನಾವು ಹುಬ್ಬೇರಿಸುವುದಿಲ್ಲ. ದೇವರ ಕರೆಯು ಸಿರಿವಂತನ ಮನೆಗೆ ಒಂದು ದಾರಿಯಲ್ಲಿ, ಬಡವನ ಮನೆಗೆ ಇನ್ನೊಂದು ದಾರಿಯಲ್ಲಿ ಬರುತ್ತದೆ. ಯಾವ ಬಾಗಿಲಿನಿಂದ ಒಳಬಂದರೆಂಬುದಕ್ಕಿಂತ ಒಳಬಂದ ಮೇಲೆ ಹೇಗೆ ಬಾಳಿದರೆಂಬುದು ಮುಖ್ಯ. ನಲವತ್ತು ವರ್ಷಗಳ ಕಾಲ ಅವರು ಆ ಮಠದಲ್ಲಿ ನಿಷ್ಠೆಯಿಂದ ಬಾಳಿದರು.

ಮಠದ ಅಧಿಪತಿ ಸಿರಿಲ್ ನಾಪ್ ದೂರದೃಷ್ಟಿಯ ವ್ಯಕ್ತಿ. ಮಠವಾಸಿಗಳಲ್ಲಿ ತತ್ತ್ವಜ್ಞಾನಿ, ಸಾಹಿತ್ಯ ವಿದ್ವಾಂಸ, ಸಂಗೀತ ರಚನಕಾರರಿದ್ದರು. ಸಸ್ಯಗಳ, ಕುರಿಗಳ ತಳಿಸುಧಾರಣೆಯಲ್ಲಿ ಸ್ವತಃ ನಾಪರಿಗೂ ಅಪಾರ ಆಸಕ್ತಿ. ಆದರೆ ಹೊಸ ಯಾಜಕ ಮೆಂಡೆಲರಿಗೆ ಮೊದಲು ವಹಿಸಿದ ಕೆಲಸ ಧರ್ಮಕೇಂದ್ರದ ಸೇವೆ, ಅದರಲ್ಲೂ ರೋಗಿಗಳ ಭೇಟಿ. ಈ ಕೆಲಸ ಅವರಿಂದ ಆಗಲಿಲ್ಲ. ನರಳುವವರ ಹಾಸಿಗೆಯ ಬಳಿ ನಿಂತಾಗ ಅವರನ್ನು ತಡೆಯಲಾಗದ ತಲ್ಲಣವೊಂದು ಹಿಡಿಯುತ್ತಿತ್ತು. ಕೊನೆಗೆ ಅವರೇ ಕಾಯಿಲೆ ಬಿದ್ದರು. ನಲವತ್ತು ವರ್ಷ ಇದೇ ಸೇವೆಯಲ್ಲಿ ಕಳೆದ ನಾವು ಆ ತಲ್ಲಣವನ್ನು ಬಲ್ಲೆವು. ಅದನ್ನು ಗೆದ್ದವರೂ ಇದ್ದಾರೆ, ಗೆಲ್ಲಲಾಗದವರೂ ಇದ್ದಾರೆ.

ಅಧಿಪತಿ ನಾಪ್ ಏನು ಮಾಡಿದರು? ಗದರಿಸಲಿಲ್ಲ. ದುರ್ಬಲನೆಂದು ಮೂಲೆಗೆ ತಳ್ಳಲಿಲ್ಲ. ಈ ಕೆಲಸಕ್ಕೆ ಆತ ತಕ್ಕವನಲ್ಲ, ಬೋಧನೆಗೆ ತಕ್ಕವನು ಎಂದು ಬಿಷಪರಿಗೆ ತಿಳಿಸಿ, 1849ರಲ್ಲಿ ಸ್ನೈಮ್ ಪಟ್ಟಣದ ಪ್ರೌಢಶಾಲೆಗೆ ತಾತ್ಕಾಲಿಕ ಉಪಾಧ್ಯಾಯರನ್ನಾಗಿ ಕಳುಹಿಸಿದರು. ಅಲ್ಲಿ ಮೆಂಡೆಲರು ಅರಳಿದರು. ಸಹೋದ್ಯೋಗಿಗಳೂ ವಿದ್ಯಾರ್ಥಿಗಳೂ ಅವರನ್ನು ಮೆಚ್ಚಿಕೊಂಡರು. ಒಂದೇ ಮನುಷ್ಯ, ಒಂದು ಸ್ಥಳದಲ್ಲಿ ನಿರುಪಯುಕ್ತ, ಇನ್ನೊಂದು ಸ್ಥಳದಲ್ಲಿ ಅಮೂಲ್ಯ. ಒಂದು ವಿಷಯದಲ್ಲಿ ಮಂಕಾದ ಮಗುವನ್ನು ದಡ್ಡನೆಂದು ಕರೆಯುವ ಮುನ್ನ ಉಪಾಧ್ಯಾಯರೂ ತಾಯ್ತಂದೆಗಳೂ ಅಧಿಪತಿ ನಾಪರನ್ನು ನೆನೆಯಲಿ.

ಪರೀಕ್ಷೆಯಲ್ಲಿ ಸೋಲು

ಖಾಯಂ ಉಪಾಧ್ಯಾಯರಾಗಬೇಕಾದರೆ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿತ್ತು. 1850ರಲ್ಲಿ ಮೆಂಡೆಲರು ವಿಯೆನ್ನಾಕ್ಕೆ ಹೋಗಿ ಪ್ರಕೃತಿ ವಿಜ್ಞಾನ ಮತ್ತು ಭೌತಶಾಸ್ತ್ರದ ಪರೀಕ್ಷೆಗೆ ಕುಳಿತರು. ಪ್ರಕೃತಿ ವಿಜ್ಞಾನವನ್ನು ಬಹುಪಾಲು ತಾವಾಗಿಯೇ ಓದಿಕೊಂಡವರು. ಸಸ್ತನಿಗಳ ವರ್ಗೀಕರಣದ ಪ್ರಶ್ನೆಗೆ ಶಾಸ್ತ್ರೀಯ ಕ್ರಮವನ್ನರಿಯದೆ ಜನಬಳಕೆಯ ಹೆಸರುಗಳಿಂದಲೇ ಉತ್ತರ ಬರೆದರು. ಪರೀಕ್ಷಕರು ಅವರನ್ನು ಅನುತ್ತೀರ್ಣರೆಂದು ತೀರ್ಮಾನಿಸಿದರು. ಜೀವಶಾಸ್ತ್ರದ ಇತಿಹಾಸವನ್ನೇ ಬದಲಿಸಲಿದ್ದವರು ಪ್ರಕೃತಿ ವಿಜ್ಞಾನದಲ್ಲಿ ಅನುತ್ತೀರ್ಣ!

ಆದರೆ ಪರೀಕ್ಷಕರಲ್ಲಿ ಒಬ್ಬರಾದ ಬೌಮ್‌ಗಾರ್ಟ್ನರ್ ಎಂಬವರು ಅಂಕಗಳನ್ನು ಮಾತ್ರ ನೋಡಲಿಲ್ಲ. ಈ ಯುವಕನಿಗೆ ಕೊರತೆಯಾಗಿರುವುದು ಬುದ್ಧಿಯಲ್ಲ, ಕ್ರಮಬದ್ಧವಾದ ಶಿಕ್ಷಣ ಎಂಬುದನ್ನು ಅವರು ಅರಿತರು. ಅವರ ಸಲಹೆಯಂತೆ ಅಧಿಪತಿ ನಾಪ್ ಮಠದ ಖರ್ಚಿನಲ್ಲಿಯೇ ಮೆಂಡೆಲರನ್ನು 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಡಾಪ್ಲರ್ ಅವರಿಂದ ಪ್ರಯೋಗದ ಶಿಸ್ತನ್ನೂ, ಎಟ್ಟಿಂಗ್‌ಸ್‌ಹೌಸೆನ್ ಅವರಿಂದ ಗಣಿತದ ಸಂಯೋಜನಾ ಲೆಕ್ಕಗಳನ್ನೂ, ಉಂಗರ್ ಅವರಿಂದ ಸಸ್ಯಕೋಶಗಳ ಜ್ಞಾನವನ್ನೂ ಪಡೆದರು. ತಂದೆಯ ಹಿತ್ತಲಿನ ಕಸಿಗೆ ವಿಯೆನ್ನಾದ ಗಣಿತ ಸೇರಿತು. ಅನುತ್ತೀರ್ಣನಾದವನ ಮೇಲೆ ಇಷ್ಟು ಹಣ ಏಕೆಂದು ನಾಪ್ ಕೈಚೆಲ್ಲಿದ್ದರೆ ಈ ಎರಡೂ ಕೂಡುತ್ತಿರಲಿಲ್ಲ.

1856ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಹೋದರು. ಈ ಬಾರಿ ಅಸ್ವಸ್ಥರಾಗಿ ಪೂರ್ತಿಗೊಳಿಸದೆ ಹಿಂತಿರುಗಿದರು. ಆದುದರಿಂದ ಅವರು ಕೊನೆಯವರೆಗೂ ತಾತ್ಕಾಲಿಕ ಉಪಾಧ್ಯಾಯರಾಗಿಯೇ ಉಳಿದರು. 1854ರಿಂದ 1868ರವರೆಗೆ ಹದಿನಾಲ್ಕು ವರ್ಷ ಬ್ರುನ್ ನಗರದ ಶಾಲೆಯೊಂದರಲ್ಲಿ ಪಾಠ ಹೇಳಿದರು. ಹಸಿದು ಓದಿದವರು ಇತರರ ಕಷ್ಟವನ್ನು ಅರಿಯಬಲ್ಲರು. ಹಿಂದುಳಿದ ವಿದ್ಯಾರ್ಥಿಗಳನ್ನು ಮಠಕ್ಕೆ ಕರೆದು ಉಚಿತವಾಗಿ ಪಾಠ ಹೇಳಿಕೊಡುತ್ತಿದ್ದರು. ಅವರ ಶಿಷ್ಯರು ಮುದುಕರಾದ ಮೇಲೂ ಆ ನಗುಮುಖದ ಗುರುಗಳನ್ನು ಪ್ರೀತಿಯಿಂದ ನೆನೆದರು.

ಬಟಾಣಿಯ ತೋಟ

ಮಠದ ತೋಟದಲ್ಲಿ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಪಟ್ಟಿ ನೆಲ. ಅಲ್ಲಿ ಮೆಂಡೆಲರು ಮೊದಲು 34 ಬಗೆಯ ಬಟಾಣಿಗಳನ್ನು ಎರಡು ವರ್ಷ ಪರೀಕ್ಷಿಸಿ, ಅವುಗಳಲ್ಲಿ 22ನ್ನು ಆರಿಸಿಕೊಂಡರು. 1856ರಿಂದ 1863ರವರೆಗೆ ಸುಮಾರು 28,000 ಗಿಡಗಳನ್ನು ಬೆಳೆಸಿ ಏಳು ಲಕ್ಷಣಗಳನ್ನು ಗಮನಿಸಿದರು. ಒಂದು ಹೂವಿನ ಪರಾಗವನ್ನು ಕುಂಚದಿಂದ ತೆಗೆದು ಇನ್ನೊಂದಕ್ಕೆ ಸೋಕಿಸಿ, ಬೇರೆ ಪರಾಗ ತಾಗದಂತೆ ಹೂವಿಗೆ ಚೀಲ ಕಟ್ಟಿ, ಕಾಯಿ ಬಲಿತಾಗ ಕಾಳುಗಳನ್ನು ಒಂದೊಂದಾಗಿ ಎಣಿಸಿದರು. ದುಂಡು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲ ಕಾಳುಗಳೂ ದುಂಡು. ಆದರೆ ಅವುಗಳಿಂದ ಹುಟ್ಟಿದ ಎರಡನೆಯ ಪೀಳಿಗೆಯಲ್ಲಿ 5474 ದುಂಡು, 1850 ಸುಕ್ಕು. ಎಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಹಳದಿ, ಹಸಿರು ಬಣ್ಣಗಳಲ್ಲಿ 6022 ಹಳದಿ, 2001 ಹಸಿರು. ಪುನಃ ಮೂರಕ್ಕೆ ಒಂದು. ಮೊದಲ ಪೀಳಿಗೆಯಲ್ಲಿ ಕಾಣದಾದ ಗುಣವು ನಾಶವಾಗಿರಲಿಲ್ಲ, ಅಡಗಿತ್ತು, ತನ್ನ ಸಮಯ ಬಂದಾಗ ಹೊರಬಂದಿತು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರುನ್ ನಗರದ ಪ್ರಕೃತಿ ವಿಜ್ಞಾನ ಸಂಘದ ಸಭೆಗಳಲ್ಲಿ ಅವರು ಈ ಫಲಿತಾಂಶಗಳನ್ನು ಮಂಡಿಸಿದರು. 1866ರಲ್ಲಿ ಪ್ರಬಂಧ ಅಚ್ಚಾಯಿತು. ನಲವತ್ತು ಪ್ರತಿಗಳನ್ನು ಪ್ರತ್ಯೇಕವಾಗಿ ಮುದ್ರಿಸಿ ವಿದ್ವಾಂಸರಿಗೆ ಕಳುಹಿಸಿದರು. ಪ್ರಸಿದ್ಧ ಸಸ್ಯಶಾಸ್ತ್ರಜ್ಞ ನೇಗೆಲಿಯೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದರು. ಆದರೆ ಆ ವಿದ್ವಾಂಸರಿಗೂ ಇದರ ಮಹತ್ವ ತಿಳಿಯಲಿಲ್ಲ. ಹಳ್ಳಿಯ ಮೇಷ್ಟರು ಕಂಡದ್ದನ್ನು ವಿಶ್ವವಿದ್ಯಾನಿಲಯದ ಪಂಡಿತರು ಕಾಣಲಿಲ್ಲ.

1868ರಲ್ಲಿ ಮೆಂಡೆಲರು ಮಠಾಧಿಪತಿಯಾಗಿ ಚುನಾಯಿತರಾದರು. ಆಡಳಿತದ ಹೊರೆ, ಮಠಗಳ ಮೇಲೆ ಸರ್ಕಾರ ವಿಧಿಸಿದ ತೆರಿಗೆಯನ್ನು ಕುರಿತ ದೀರ್ಘ ವ್ಯಾಜ್ಯ, ಇವುಗಳ ನಡುವೆ ಸಂಶೋಧನೆ ಹಿಂದುಳಿಯಿತು. ಜೇನುಸಾಕಣೆ, ಹವಾಮಾನದ ದಿನಚರಿ ಇವುಗಳನ್ನು ಮಾತ್ರ ಬಿಡಲಿಲ್ಲ. 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ಪ್ರಭುವಿನಲ್ಲಿ ನಿದ್ರೆಹೋದರು. ವಯಸ್ಸು 61. ನಗರದ ಬಡವರು ಕಣ್ಣೀರಿಟ್ಟರು. ವಿಜ್ಞಾನ ಲೋಕಕ್ಕೆ ಅವರ ಮರಣದ ಅರಿವೂ ಆಗಲಿಲ್ಲ. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ವಿದ್ವಾಂಸರು ಅದೇ ನಿಯಮವನ್ನು ತಾವಾಗಿ ಕಂಡುಕೊಂಡು, ಹಳೆಯ ಗ್ರಂಥಗಳನ್ನು ಹುಡುಕಿದಾಗ, ಮಠವಾಸಿಯೊಬ್ಬರು 34 ವರ್ಷಗಳ ಹಿಂದೆಯೇ ಅದನ್ನು ಪ್ರಕಟಿಸಿದ್ದು ಬೆಳಕಿಗೆ ಬಂತು. ಇಂದಿನ ಸುಧಾರಿತ ಭತ್ತ, ರಾಗಿ, ಜೋಳದ ತಳಿಗಳನ್ನು ಬೆಳೆಸುವ ನಮ್ಮ ರೈತರೂ ಆ ಬಟಾಣಿಯ ತೋಟಕ್ಕೆ ಋಣಿಗಳು.

ನಮ್ಮದೊಂದು ತಪ್ಪೊಪ್ಪಿಗೆ

ಈ ಜೀವನ ಚರಿತ್ರೆಯನ್ನು ಓದುವಾಗಲೆಲ್ಲ ನಮ್ಮ ಮನಸ್ಸು ಹಳೆಯ ನೆನಪೊಂದರತ್ತ ತಿರುಗುತ್ತದೆ. ನಾವು ಗುರುಪಟ್ಟ ಪಡೆದ ಹೊಸದರಲ್ಲಿ ಒಂದು ಹಳ್ಳಿಯಲ್ಲಿ ಸಹಾಯಕ ಗುರುಗಳಾಗಿದ್ದೆವು. ಧರ್ಮೋಪದೇಶದ ತರಗತಿಗೆ ಬರುತ್ತಿದ್ದ ಕೂಲಿಯವನ ಮಗನೊಬ್ಬ ಎಂಥ ಲೆಕ್ಕವನ್ನಾದರೂ ಬಾಯಲ್ಲೇ ಮಾಡಿ ಮುಗಿಸುತ್ತಿದ್ದ. ನಾವು ಅದನ್ನು ಕಂಡು ಸಂತೋಷಪಟ್ಟೆವು, ಬಂದವರ ಮುಂದೆ ಅವನನ್ನು ನಿಲ್ಲಿಸಿ ಲೆಕ್ಕ ಕೇಳಿ ಬೆರಗುಗೊಳಿಸಿದೆವು. ಒಂದು ಭಾನುವಾರ ಪೂಜೆಯಾದ ಮೇಲೆ ಅವನ ತಂದೆ ಹುಡುಗನ ಓದಿನ ವಿಷಯ ಮಾತಾಡಲು ಬಂದು ನಿಂತ. ದೇವಾಲಯದ ಹಬ್ಬ ಹತ್ತಿರವಿತ್ತು. ಹಬ್ಬ ಮುಗಿದ ಮೇಲೆ ಬರುವಂತೆ ಹೇಳಿ ಕಳುಹಿಸಿದೆವು. ಹಬ್ಬ ಸಾಂಗವಾಗಿ ನೆರವೇರಿತು. ತಂದೆ ಮರಳಿ ಬರಲಿಲ್ಲ, ನಾವೂ ಅವರ ಮನೆಗೆ ಹೋಗಲಿಲ್ಲ. ಹುಡುಗ ಸಂಬಂಧಿಕರೊಡನೆ ಕೆಲಸಕ್ಕೆ ಹೋದನೆಂದು ಆಮೇಲೆ ತಿಳಿಯಿತು.

ಬಹಳ ವರ್ಷಗಳ ಬಳಿಕ ಇನ್ನೊಂದು ಊರಿನಲ್ಲಿ ದೇವಾಲಯದ ಮಾಡನ್ನು ಬದಲಿಸುವಾಗ ಗಾರೆ ಕೆಲಸದವನೊಬ್ಬ ಕೆಳಗೆ ನಿಂತು ನೋಡಿಯೇ ಎಷ್ಟು ಮಂಗಳೂರು ಹೆಂಚು ಬೇಕೆಂದು ಹೇಳಿದ. ಕೆಲಸ ಮುಗಿದಾಗ ಹೆಂಚು ಕೊರತೆಯಾಗಲಿಲ್ಲ, ಉಳಿದದ್ದು ಬೆರಳೆಣಿಕೆಯಷ್ಟು. ವಿಚಾರಿಸಿದಾಗ ಅವನು ಅದೇ ಹುಡುಗ. ಪ್ರಾಮಾಣಿಕ ದುಡಿಮೆ, ಒಳ್ಳೆಯ ಸಂಸಾರ, ದೇವಭಕ್ತಿ ಎಲ್ಲವೂ ಅವನಲ್ಲಿದ್ದವು. ನಮ್ಮ ಮೇಲೆ ಅವನಿಗೆ ಯಾವ ದೂರೂ ಇರಲಿಲ್ಲ. ಆದರೂ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಗಾರೆ ಕೆಲಸ ಕೀಳೆಂದಲ್ಲ. ಅವನ ಮುಂದೆ ಇದ್ದ ಇನ್ನೊಂದು ಬಾಗಿಲನ್ನು ತೆರೆಯುವ ಕೀಲಿಕೈ ಅಂದು ನಮ್ಮ ಕೈಯಲ್ಲಿತ್ತು. ಸ್ವಾಮಿ ಶ್ರೈಬರರು ಮಾಡಿದ್ದನ್ನು ನಾವು ಮಾಡಲಿಲ್ಲ.

ಆದುದರಿಂದ ಶತಮಾನೋತ್ಸವದ ಈ ಸಂದರ್ಭದಲ್ಲಿ ನಾವು ಹೇಳಬಯಸುವುದು ಇಷ್ಟೇ. ಬುದ್ಧಿವಂತ ಮಗು ಪ್ರದರ್ಶನದ ವಸ್ತುವಲ್ಲ. ನೆಂಟರ ಮುಂದೆ ನಿಲ್ಲಿಸಿ ಹೊಗಳುವುದರಿಂದ ಅದಕ್ಕೆ ಲಾಭವಿಲ್ಲ. ಅದಕ್ಕೆ ಬೇಕಾದುದು ಹೊಟ್ಟೆ ತುಂಬ ಊಟ, ಸಾಕಷ್ಟು ನಿದ್ರೆ, ಓದಲು ಒಂದು ಮೂಲೆ ಮತ್ತು ದೀಪ, ಪಠ್ಯಪುಸ್ತಕದ ಆಚೆಗೂ ಪ್ರಶ್ನೆ ಕೇಳಿದಾಗ ಗದರಿಸದ ಹಿರಿಯರು. ಮೆಂಡೆಲರು ಹೊರಲಾಗದ ಭಾರ ಹೊತ್ತಾಗಲೆಲ್ಲ ಕಾಯಿಲೆ ಬಿದ್ದರೆಂಬುದನ್ನು ಮರೆಯಬಾರದು. ಚುರುಕು ಬುದ್ಧಿಯೊಡನೆ ಮೃದುವಾದ ಮನಸ್ಸೂ ಇರುವುದುಂಟು. ಎಲ್ಲ ವಿಷಯದಲ್ಲೂ ಮೊದಲನೆಯವನಾಗೆಂದು ಪೀಡಿಸುವ ಮನೆ, ಓದು ಬೇಡವೆನ್ನುವ ಮನೆಯಷ್ಟೇ ಹಾನಿ ಮಾಡಬಲ್ಲದು. ಒಮ್ಮೆ ಸೋತವನನ್ನು ಕೈಬಿಡುವ ಶಾಲೆ ತನ್ನ ಬೆಳೆಯನ್ನು ತಾನೇ ಕಿತ್ತೆಸೆದಂತೆ.

ಮೆಂಡೆಲರ ಜೀವನದಲ್ಲಿ ಒಬ್ಬ ತಂದೆ, ಒಬ್ಬ ತಾಯಿ, ಒಬ್ಬ ತಂಗಿ, ಒಬ್ಬ ಹಳ್ಳಿಯ ಮೇಷ್ಟರು, ಒಬ್ಬ ವಿಚಾರಣಾ ಗುರು, ಒಬ್ಬ ಪ್ರಾಧ್ಯಾಪಕ, ಒಬ್ಬ ಪರೀಕ್ಷಕ, ಒಬ್ಬ ಮಠಾಧಿಪತಿ ಬಂದರು. ಎಂಟು ಮಂದಿ. ಅವರಲ್ಲಿ ಯಾರೂ ಎಲ್ಲವನ್ನೂ ಮಾಡಲಿಲ್ಲ, ತಮ್ಮ ಸರದಿ ಬಂದಾಗ ತಮ್ಮ ಪಾಲಿನದನ್ನು ಮಾಡಿದರು. ತಲಾಂತುಗಳ ಸಾಮತಿಯನ್ನು ನಾವು ಎಷ್ಟೋ ಬಾರಿ ಪೀಠದಿಂದ ವಿವರಿಸಿದ್ದೇವೆ. ತನಗೆ ಕೊಟ್ಟ ತಲಾಂತನ್ನು ಹೂತಿಟ್ಟವನನ್ನು ಪ್ರಭು ವಿಚಾರಿಸಿದಂತೆ, ಪಕ್ಕದ ಮನೆಯ ಮಗುವಿನ ತಲಾಂತು ಮಣ್ಣು ಸೇರುವುದನ್ನು ನೋಡಿ ಸುಮ್ಮನಿದ್ದವರನ್ನೂ ವಿಚಾರಿಸದೆ ಬಿಡುವುದಿಲ್ಲವೆಂದು ನಮ್ಮ ನಂಬಿಕೆ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯಕ್ಕೆ ಕಲ್ಲು ಹೊತ್ತರು. ಇನ್ನು ನೂರು ವರ್ಷಗಳ ನಂತರ ಇದೇ ಅಂಗಳದಲ್ಲಿ ಸೇರುವವರು ನಮ್ಮ ಗೋಪುರದ ಬಣ್ಣವನ್ನು ಕೇಳಲಾರರು. ನಾವು ಯಾವ ಮಕ್ಕಳನ್ನು ಓದಿಸಿದೆವೆಂದು ಕೇಳಿಯಾರು. ಈ ಹಬ್ಬ ಮುಗಿಯುವ ಮೊದಲೇ, ಓದಿನ ವಿಷಯ ಮಾತಾಡಬೇಕೆಂದಿರುವ ತಾಯ್ತಂದೆಗಳು ಗುರುಮನೆಗೆ ಬರಲಿ. ಬರಲು ಸಂಕೋಚಪಡುವವರ ಮನೆಗೆ ನಾವೇ ಬರುತ್ತೇವೆ.